ಎರಡು ಗಂಟೆಯ ಊಟಕ್ಕೆ ತೌಹೀದಾ ಅತ್ತೆ

ನನ್ನ ಅತ್ತೆ, ಗಂಡನ ತಾಯಿ, ತೌಹೀದಾ ಕ್ಲೀವ್‌ಲ್ಯಾಂಡಿನ ಪೂರ್ವ ಭಾಗದಲ್ಲಿ ಸಿಟಿ ಬಸ್ ಓಡಿಸುತ್ತಾರೆ. ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಹಿಂದಿನ ಸೀಟಿನಲ್ಲಿ ಹುಡುಗರು ಗಲಾಟೆ ಎಬ್ಬಿಸಿದರೆ ಕನ್ನಡಿಯಲ್ಲಿ ಒಂದು ಸಲ ನೋಡುತ್ತಾರೆ, ಅಷ್ಟಕ್ಕೇ ಬಸ್ಸು ತಣ್ಣಗಾಗುತ್ತದೆ. ಸಮವಸ್ತ್ರದ ನೀಲಿಗೆ ಒಪ್ಪುವ ನೀಲಿ ತಲೆವಸ್ತ್ರ, ಅದರ ಮೇಲೆ ಚಳಿಗಾಲದಲ್ಲಿ ಉಣ್ಣೆಯ ಟೋಪಿ. ನಾವೆಲ್ಲ ಅವರನ್ನು ಕರೆಯುವುದು ಉಮ್ಮಿ ಎಂದು, ಅಂದರೆ ಅಮ್ಮ.

ಈದ್ ಹತ್ತಿರ ಬಂತೆಂದರೆ ಡಿಪೋದಲ್ಲಿ ಪಾಳಿ ಹಂಚುವ ವಾಲ್ಟ್ ಎಂಬ ಮುದುಕನಿಗೂ ಅವರಿಗೂ ಪ್ರತಿವರ್ಷ ಒಂದೇ ಮಾತುಕತೆ.

"ಯಾವತ್ತು ರಜೆ ಬೇಕು, ಹೇಳಮ್ಮ."

"ಗುರುವಾರ. ಇಲ್ಲಾಂದ್ರೆ ಶುಕ್ರವಾರ."

"ಎರಡ್ರಲ್ಲಿ ಯಾವ್ದು?"

"ಹಿಂದಿನ ರಾತ್ರಿ ಚಂದ್ರ ಕಂಡ್ಮೇಲೆ ಗೊತ್ತಾಗತ್ತೆ."

"ಅವನ ಫೋನ್ ನಂಬರ್ ಕೊಡು, ನಾನೇ ಕೇಳ್ಕೋತೀನಿ."

ವಾಲ್ಟ್ ಗೊಣಗುತ್ತಾನೆ, ಆದರೆ ಕೊಡುತ್ತಾನೆ. ಯಾಕೆಂದರೆ ಕ್ರಿಸ್ಮಸ್ ದಿನ ಎಲ್ಲರೂ ಮನೆಯಲ್ಲಿರುವಾಗ ಅವನ ಬಸ್ಸುಗಳನ್ನು ಓಡಿಸಲು ಅತ್ತೆ ತಾವಾಗಿಯೇ ಹೆಸರು ಕೊಟ್ಟಿರುತ್ತಾರೆ. ಅವತ್ತು ಹತ್ತುವವರು ಆಸ್ಪತ್ರೆಯ ದಾದಿಯರು, ಹೋಟೆಲಿನಲ್ಲಿ ಕಸ ಗುಡಿಸುವವರು, ಹೋಗಲು ಎಲ್ಲೂ ಜಾಗವಿಲ್ಲದೆ ಸುಮ್ಮನೆ ಬೆಚ್ಚಗೆ ಕೂರಲು ಬಂದವರು. ಅತ್ತೆ ಡಬ್ಬದ ತುಂಬ ಪೆಪ್ಪರ್‌ಮಿಂಟ್ ಇಟ್ಟುಕೊಂಡು ಒಬ್ಬೊಬ್ಬರಿಗೂ ಕೊಟ್ಟು, "ನಿಮ್ಮ ಹಬ್ಬ ನಿಮಗೆ ಒಳ್ಳೇದಾಗಲಿ" ಎನ್ನುತ್ತಾರೆ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನಕ್ಕೂ ಅಷ್ಟೇ, ಪಟಾಕಿ ನೋಡಲು ಕೆರೆಯಂಚಿಗೆ ಹೋಗುವ ಜನರನ್ನು ಹೊತ್ತು ಮಧ್ಯರಾತ್ರಿಯವರೆಗೆ ಓಡಿಸುತ್ತಾರೆ. "ಮೊದಲನೇ ನಾಲ್ಕನೇ ತಾರೀಕಿಗೆ ಗುಲಾಮರಾಗಿದ್ದ ನಮ್ಮ ಹಿರೀಕರ ಕಾಲಲ್ಲಿ ಇನ್ನೂ ಸರಪಳಿ ಇತ್ತು. ಪಟಾಕಿ ಚೆನ್ನಾಗಿರತ್ತೆ, ನೋಡ್ತೀನಿ. ರಜೆ ಬೇಡ" ಎನ್ನುವುದು ಅವರ ವಾದ.

ಆದರೆ ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ರಜೆಯನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ. ಒಂದು ಶುಕ್ರವಾರ ನಮಾಜು ಮುಗಿದ ಮೇಲೆ, ಹೊಸದಾಗಿ ಈ ದೇಶಕ್ಕೆ ಬಂದ ಒಬ್ಬ ತರುಣ ಮಸೀದಿಯ ಮೆಟ್ಟಿಲ ಮೇಲೆ ಅವರಿಗೆ ಬುದ್ಧಿ ಹೇಳಿದ್ದ. ನಮಗಿರುವುದು ಎರಡೇ ಈದ್, ಮೂರನೆಯದು ಯಾಕೆ ಸಿಸ್ಟರ್ ಎಂದು.

"ದೇವರಿಗೆ ಕೃತಜ್ಞತೆ ಹೇಳು ಅಂತ ಸಂಬಳ ಸಮೇತ ಒಂದು ದಿನ ರಜೆ ಕೊಡ್ತಾರೆ. ನೀನು ಆವತ್ತು ಏನ್ಮಾಡ್ತೀಯ ತಮ್ಮಾ?"

"ನಾನಾ? ನಿದ್ದೆ ಮಾಡ್ತೀನಿ."

"ಹಾಗಾದ್ರೆ ಆ ನಿದ್ದೆ ಯಾವ ಕಿತಾಬಿನಲ್ಲಿದೆ ನೋಡ್ಕೊಂಡು ಬಾ. ಆಮೇಲೆ ಮಾತಾಡೋಣ."

ಹುಡುಗ ನಕ್ಕುಬಿಟ್ಟ. ಅತ್ತೆ ಅವನನ್ನು ಮರುವಾರ ಊಟಕ್ಕೆ ಕರೆದರು.

ಈ ಹಬ್ಬದ ಮೇಲೆ ಅವರಿಗೆ ಇಷ್ಟೊಂದು ಹಟ ಇರಲು ಕಾರಣ ಅವರ ತಾಯಿ ಪರ್ಲ್ ಅಜ್ಜಿಯ ಊಟದ ಮೇಜು. ಅತ್ತೆ ಹುಟ್ಟಿದ್ದು ಚರ್ಚಿಗೆ ಹೋಗುವ ಕ್ರೈಸ್ತರ ಮನೆಯಲ್ಲಿ, ವರ್ನಾ ಎಂಬ ಹೆಸರಿನಲ್ಲಿ. ಅಕ್ಕ ಒಡೆಸ್ಸಾ, ತಮ್ಮ ಕ್ಲಿಯೋಫಸ್ ಈಗಲೂ ಚರ್ಚಿನವರು, ಈಗಲೂ ವರ್ನಾ ಎಂದೇ ಕರೆಯುತ್ತಾರೆ. ಅತ್ತೆಗೆ ಅದರಿಂದ ಬೇಸರವೇನೂ ಇಲ್ಲ. ಇಪ್ಪತ್ತರ ಹರೆಯದಲ್ಲಿ ಮುಸ್ಲಿಮರಾದ ವರ್ಷ ಅವರು ತಾಯಿಯ ಮೇಜಿನಲ್ಲಿ ಸೊಪ್ಪಿನ ಪಲ್ಯವನ್ನು ಮುಟ್ಟಲಿಲ್ಲ, ಅದರಲ್ಲಿ ಹಂದಿಯ ಮೂಳೆ ಇತ್ತು. ಮರುವರ್ಷ ಅಜ್ಜಿಯ ಒಲೆಯ ಮೇಲೆ ಎರಡು ಪಾತ್ರೆ ಇದ್ದವು. ಒಂದರ ಹಿಡಿಕೆಗೆ ಕೆಂಪು ದಾರ ಕಟ್ಟಿತ್ತು, ಅದು ಮಗಳದು. ಅಂದಿನಿಂದ ಒಂದು ಒಪ್ಪಂದ ಬೆಳೆಯಿತು. ಹಲಾಲ್ ಅಂಗಡಿಯಿಂದ ಟರ್ಕಿ ಕೋಳಿ ತರುವುದು ಅತ್ತೆ, ಹ್ಯಾಮ್ ಎಂಬ ಹಂದಿಮಾಂಸ ತರುವುದು ಒಡೆಸ್ಸಾ. ಹ್ಯಾಮ್ ಮೇಜಿನ ಆ ತುದಿಗೆ, ಅತ್ತೆ ಈ ತುದಿಗೆ. ಊಟ ಎರಡು ಗಂಟೆಗೆ. ಅಜ್ಜಿ ತೀರಿಕೊಂಡ ಮೇಲೆ ಮನೆಯೂ ಮೇಜೂ ಒಡೆಸ್ಸಾ ದೊಡ್ಡಮ್ಮನ ಕೈಗೆ ಬಂದವು, ಒಪ್ಪಂದ ಹಾಗೆಯೇ ನಡೆಯಿತು.

ಆದರೆ ರಂಜಾನ್ ಒಂದು ಕಡೆ ನಿಲ್ಲುವ ತಿಂಗಳಲ್ಲ. ವರ್ಷವರ್ಷವೂ ಹಿಂದೆ ಹಿಂದೆ ಸರಿಯುತ್ತ ಅದು ನವೆಂಬರಿಗೆ ಬಂತು. ಎರಡು ಗಂಟೆಯ ಊಟದ ಹೊತ್ತಿಗೆ ಅತ್ತೆ ಉಪವಾಸ.

ಮೊದಲನೆಯ ವರ್ಷ ಅವರು ಹೊತ್ತು ಮುಳುಗಿದ ಮೇಲೆ ಹೋದರು. ಅಷ್ಟರಲ್ಲಿ ಮೇಜು ಒರೆಸಿಯಾಗಿತ್ತು. ಗಂಡಸರು ಟಿವಿಯ ಮುಂದೆ ಬಾಯಿ ತೆರೆದು ಮಲಗಿದ್ದರು. ಒಡೆಸ್ಸಾ ದೊಡ್ಡಮ್ಮ ಅಲ್ಯೂಮಿನಿಯಂ ಹಾಳೆ ಮುಚ್ಚಿದ ತಟ್ಟೆಯನ್ನು ತೋರಿಸಿ ಮಲಗಲು ಹೋದರು. ಅತ್ತೆ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದರು. ಕಾರಿನಲ್ಲಿ ವಾಪಸು ಬರುವಾಗ ಅವರು ಹೇಳಿದ್ದು ಒಂದೇ ಮಾತು.

"ಇದು ಊಟ ಅಲ್ಲ, ಪಾರ್ಸೆಲ್."

ಈ ವರ್ಷ ಹಬ್ಬಕ್ಕೆ ಒಂದು ವಾರ ಇರುವಾಗ ದೊಡ್ಡಮ್ಮನ ಫೋನ್ ಬಂತು. ಅತ್ತೆ ಪಾತ್ರೆ ತೊಳೆಯುತ್ತಿದ್ದುದರಿಂದ ಸ್ಪೀಕರಿನಲ್ಲಿ ಹಾಕಿದ್ದರು.

"ಎರಡು ಗಂಟೆಗೆ ಊಟ. ಬಂದು ಕೂತು ತಿನ್ನೋದಾದ್ರೆ ಬಾ ವರ್ನಾ."

"ಬರ್ತೀನಿ, ಕೂರ್ತೀನಿ. ತಿನ್ನೋದು ಸಂಜೆ."

"ಖಾಲಿ ತಟ್ಟೆ ಇಟ್ಕೊಂಡು ಪೊಲೀಸ್ನೋರ ಥರ ನಮ್ಮನ್ನ ನೋಡ್ತಾ ಕೂತ್ರೆ ಯಾರ ಗಂಟಲಲ್ಲಿ ತುತ್ತು ಇಳಿಯತ್ತೆ? ಬಂದೋರೆಲ್ಲ ನಾನು ನಿನಗೆ ಊಟ ಹಾಕಲಿಲ್ಲ ಅಂತಾರೆ."

"ಹಾಗಾದ್ರೆ ನಾನು ಕಣ್ಮುಚ್ಕೊಂಡು ಕೂರ್ತೀನಿ."

"ತಮಾಷೆ ಬೇಡ. ಹೋದ ವರ್ಷದ ಥರ ರಾತ್ರಿ ಬರೋದಾದ್ರೆ ತಟ್ಟೆ ಕಟ್ಟಿಡ್ತೀನಿ. ಆದ್ರೆ ಮುಂದಿನ ವರ್ಷದಿಂದ ನಿನ್ನನ್ನ ಲೆಕ್ಕಕ್ಕೆ ಹಿಡಿಯಲ್ಲ. ಕುರ್ಚಿಗಳು ಮೊದಲೇ ಕಮ್ಮಿ ಇವೆ."

ಫೋನ್ ಇಟ್ಟ ಮೇಲೆ ಅತ್ತೆ ಒಂದೇ ಬಾಣಲೆಯನ್ನು ಬಹಳ ಹೊತ್ತು ಉಜ್ಜಿದರು. ಅವರಿಗೆ ಬೇಕಾಗಿದ್ದುದು ಹೆಚ್ಚೇನಲ್ಲ. ಉಪವಾಸವನ್ನೂ ಬಿಡಬಾರದು, ತಾಯಿಯ ಮೇಜಿನ ಸುತ್ತ ತನ್ನವರ ನಡುವೆ ತನ್ನ ಜಾಗವನ್ನೂ ಬಿಡಬಾರದು.

ನನ್ನ ಗಂಡ ಇದ್ರೀಸ್ ಒಂದು ಉಪಾಯ ಹೇಳಿದ. "ಉಮ್ಮಿ, ಪ್ರಯಾಣದಲ್ಲಿದ್ರೆ ಉಪವಾಸ ಬಿಟ್ಟು ಆಮೇಲೆ ತೀರಿಸಬಹುದಲ್ವಾ?"

"ನಿಮ್ಮ ದೊಡ್ಡಮ್ಮನ ಮನೆ ಏಳು ಬೀದಿ ಆಚೆ ಇದೆ ಕಣೋ. ನಾನು ಬ್ರೇಕ್ ಹಾಕಿದ್ರೆ ಬಸ್ಸು ನಿಲ್ಲೋಕೇ ಅಷ್ಟು ದೂರ ಬೇಕು."

"ಮತ್ತೆ ಏನ್ಮಾಡ್ತೀರಿ?"

"ಬೆಳಿಗ್ಗೆನೇ ಹೋಗ್ತೀನಿ. ಅಡುಗೆಮನೆಗೆ ಹೋದೋರನ್ನ ಯಾರೂ ಹೊರಗೆ ಕಳಿಸಲ್ಲ."

ಹಬ್ಬದ ದಿನ ಬೆಳಿಗ್ಗೆ ನಾವು ನಾಲ್ವರೂ ಹೊರಟೆವು. ನಾಲ್ಕನೆಯವಳು ನನ್ನ ಮಗಳು ಹಸನಾ, ನಾಲ್ಕು ತಿಂಗಳಿನವಳು. ಮಗುವಿಗೆ ಹಾಲೂಡಿಸುವ ತಾಯಿಗೆ ಉಪವಾಸದಿಂದ ವಿನಾಯಿತಿ ಇರುವುದರಿಂದ ಆ ತಿಂಗಳು ಮನೆಯ ಉಪ್ಪು ಹುಳಿ ನೋಡುವ ಕೆಲಸ ನನ್ನದೇ ಆಗಿತ್ತು. ಉಪವಾಸವಿರುವವರು ಅಡುಗೆ ಮಾಡಿದರೆ ಉಪ್ಪು ಹೆಚ್ಚಾಗುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಹಸಿದ ಕೈ ಜಾಸ್ತಿ ಹಾಕುತ್ತದೆ.

ಒಡೆಸ್ಸಾ ದೊಡ್ಡಮ್ಮ ಏಪ್ರನ್ನಿನಲ್ಲೇ ಬಾಗಿಲು ತೆರೆದರು. ತೆಳ್ಳಗೆ, ಎತ್ತರ, ಹುಬ್ಬು ಯಾವಾಗಲೂ ಸ್ವಲ್ಪ ಮೇಲೆ.

"ಇಷ್ಟು ಬೇಗ ಯಾಕೆ ಬಂದೆ?"

"ಡ್ರೆಸಿಂಗ್ ಮಾಡೋಕೆ. ನೀನು ಮಾಡಿದ್ರೆ ಜನ ಮಾತಿಗೆ ಚೆನ್ನಾಗಿದೆ ಅಂತಾರೆ, ಎರಡನೇ ಸಲ ಹಾಕಿಸ್ಕೊಳ್ಳಲ್ಲ."

ದೊಡ್ಡಮ್ಮ ಬಾಗಿಲು ಬಿಟ್ಟು ಸರಿದರು. ಇದು ನಿಜವೆಂದು ಅವರಿಗೂ ಗೊತ್ತಿತ್ತು.

ಡ್ರೆಸಿಂಗ್ ಎಂದರೆ ಮೆಕ್ಕೆಜೋಳದ ಬ್ರೆಡ್ಡನ್ನು ಬೇಯಿಸಿ, ಆರಿಸಿ, ಪುಡಿಮಾಡಿ, ಈರುಳ್ಳಿ, ಸೆಲೆರಿ, ಸೇಜ್ ಎಂಬ ಘಮಘಮಿಸುವ ಸೊಪ್ಪು, ಕೋಳಿಸಾರು ಹಾಕಿ ಕಲಸಿ ಮತ್ತೆ ಓವನ್ನಿನಲ್ಲಿ ಬೇಯಿಸುವ ತಿನಿಸು. ಹೇಳಲು ಇಷ್ಟೇ. ಪರ್ಲ್ ಅಜ್ಜಿ ಎಂದೂ ಅಳತೆ ಇಟ್ಟವರಲ್ಲ. ಕಲಸುತ್ತ ರುಚಿ ನೋಡುತ್ತ, ರುಚಿ ನೋಡುತ್ತ ಕಲಸುತ್ತ ಮಾಡುತ್ತಿದ್ದರಂತೆ. ಆ ಕೈ ಬಂದಿದ್ದು ಕಿರಿಯ ಮಗಳಿಗೆ. ಹಿರಿಯ ಮಗಳಿಗೆ ಮನೆ ಬಂತು, ಮೇಜು ಬಂತು, ಇದೊಂದು ಬರಲಿಲ್ಲ.

ಹೋದ ವರ್ಷ ದೊಡ್ಡಮ್ಮ ಅಂಗಡಿಯ ಪೊಟ್ಟಣದಿಂದ ಮಾಡಿದ್ದರು. ಈ ಸಲ ಅತ್ತೆ ದೊಡ್ಡ ಬೋಗುಣಿಯಲ್ಲಿ ಮೊಣಕೈವರೆಗೆ ಕಲಸಿ ನನ್ನ ಕಡೆಗೆ ಒಂದು ಚಮಚ ಚಾಚಿದರು.

"ಉಪ್ಪು?"

"ಕಡಿಮೆ ಇದೆ ಉಮ್ಮಿ."

"ಸೇಜ್?"

"ಅದು ನನಗೆ ಹೇಗೆ ಗೊತ್ತಾಗತ್ತೆ? ಅಜ್ಜಿ ಮಾಡಿದ್ದು ನಾನು ತಿಂದಿಲ್ವಲ್ಲ."

ಅತ್ತೆ ಒಲೆಯ ಬಳಿ ಬೆನ್ನು ಹಾಕಿ ನಿಂತಿದ್ದ ಅಕ್ಕನನ್ನು ನೋಡಿದರು. "ಅಕ್ಕ, ಒಂದು ಚಮಚ ನೋಡೇ."

"ನಿನ್ನ ಉಪವಾಸಕ್ಕೆ ನನ್ನ ನಾಲಿಗೆ ಬಾಡಿಗೆಗಿಲ್ಲ."

"ಉಮ್ಮಿ, ನಾಲಿಗೆ ತುದಿಗೆ ತಾಗಿಸಿ ಉಗಿದ್ರೆ ಪರವಾಗಿಲ್ಲ ಅಂತಾರಲ್ಲ ಮಸೀದೀಲಿ" ಎಂದೆ ನಾನು.

"ಅಮ್ಮನ ಡ್ರೆಸಿಂಗ್ ಉಗಿಯೋದಾ? ಅದಕ್ಕೆ ಬೇರೆ ಪಾಪ ಸುತ್ಕೊಳ್ಳತ್ತೆ."

ದೊಡ್ಡಮ್ಮ ನೆಲಮಾಳಿಗೆಗೆ ಬೆಣ್ಣೆ ತರಲು ಇಳಿದರು. ಅವರು ಅತ್ತ ಹೋದಾಗ ಅತ್ತೆ ಬೋಗುಣಿಗೆ ಉಪ್ಪು ಹಾಕಿ ಕಲಸಿದರು. ಮಗು ಅಳತೊಡಗಿತು, ನಾನು ಮೇಲಿನ ಕೋಣೆಗೆ ಹೋದೆ. ಅತ್ತೆ ಕೈ ತೊಳೆದು ಮಧ್ಯಾಹ್ನದ ನಮಾಜಿಗೆ ಹೋದರು. ದೊಡ್ಡಮ್ಮ ಬೆಣ್ಣೆ ಹಿಡಿದು ಮೇಲೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ, ಬೋಗುಣಿ ಮಾತ್ರ ಇತ್ತು. ಉಪ್ಪು ಕಡಿಮೆ ಎಂದು ನಾನು ಹೇಳಿದ್ದು ಅವರ ಕಿವಿಯಲ್ಲಿತ್ತು. ರುಚಿ ನೋಡಿದರೆ ತಂಗಿಗೆ ನಾಲಿಗೆ ಬಾಡಿಗೆ ಕೊಟ್ಟಂತಾಗುತ್ತದೆ. ಎಷ್ಟಾದರೂ ತನ್ನ ಮೇಜಿನ ಅಡುಗೆ, ಸಪ್ಪೆಯಾಗಬಾರದು. ಆದ್ದರಿಂದ ರುಚಿ ನೋಡದೆಯೇ ಉಪ್ಪು ಹಾಕಿದರು. ಕಲಸಿ, ತಟ್ಟೆಗೆ ಸುರಿದು, ಓವನ್ನಿಗೆ ಇಟ್ಟರು.

ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ. ತಟ್ಟೆ ಹೊರಗೆ ಬಂದಾಗ ಹೊಂಬಣ್ಣ, ಮನೆಯೆಲ್ಲ ಘಮ. ಅಷ್ಟರಲ್ಲಿ ದೊಡ್ಡಮ್ಮನ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಬಂದು ತುಂಬಿಕೊಂಡಿದ್ದರು. ಕ್ಲಿಯೋಫಸ್ ಮಾವ ಟೋಪಿಯನ್ನೂ ತೆಗೆಯದೆ ಅಡುಗೆಮನೆಗೆ ನುಗ್ಗಿ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು.

"ಕೆರೆಯ ಊರಲ್ಲಿ ಸಮುದ್ರದ ನೀರು ಎಲ್ಲಿ ಸಿಕ್ತು ನಿಮಗೆ?"

ನಾನೂ ತಿಂದು ನೋಡಿದೆ. ಕಣ್ಣಲ್ಲಿ ನೀರು ಬಂತು.

"ನಾನು ಹಾಕಿದ್ದೆ" ಎಂದರು ಅತ್ತೆ.

"ನಾನೂ ಹಾಕಿದ್ದೆ" ಎಂದರು ದೊಡ್ಡಮ್ಮ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕ್ಲಿಯೋಫಸ್ ಮಾವ ನಾಯಿಗೆ ಹಾಕೋಣವೇ ಎಂದು ಕೇಳಿ, ನಾಯಿ ಏನು ತಪ್ಪು ಮಾಡಿದೆ ಎಂದು ತಾವೇ ಹೇಳಿಕೊಂಡು ಹೊರಗೆ ಹೋದರು. ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಎರಡು ಗಂಟೆಗೆ ಹೆಚ್ಚು ಹೊತ್ತು ಇರಲಿಲ್ಲ.

ಅತ್ತೆ ಬಸ್ಸು ಕೆಟ್ಟಾಗ ಜನರನ್ನು ಇಳಿಸುವಾಗಿನ ದನಿಯಲ್ಲಿ ಹೇಳಿದರು. "ಎದ್ದೇಳು. ಎರಡಕ್ಕೆ ಊಟ ಹಾಕು, ಡ್ರೆಸಿಂಗ್ ಇಲ್ದೆ. ವರ್ನಾ ಉಪವಾಸದಲ್ಲಿ ಉಪ್ಪು ಸುರಿದ್ಲು ಅಂತ ಹೇಳು, ನನಗೇನೂ ಬೇಜಾರಿಲ್ಲ. ನಾನು ನನ್ನ ಜಾಗದಲ್ಲಿ ಕೂತಿರ್ತೀನಿ. ನೀನು ಎಬ್ಬಿಸಿದ್ರೂ ಏಳಲ್ಲ."

"ಅಮ್ಮ ಯಾವತ್ತಾದ್ರೂ ಡ್ರೆಸಿಂಗ್ ಇಲ್ದೆ ಮೇಜು ಹಾಕಿದ್ಲಾ?"

"ಇಲ್ಲ."

"ತಡವಾಗಿ ಹಾಕಿದ್ಲಾ?"

ಅತ್ತೆ ಕೈ ಒರೆಸಿಕೊಂಡರು. "ಪ್ರತಿ ವರ್ಷ. ಎರಡಕ್ಕೆ ಕೂರಿಸ್ತಿದ್ಲು, ಹಾಕ್ತಾ ಇದ್ದಿದ್ದು ಯಾವಾಗ? ನೀನು ಅಷ್ಟ್ರೊಳಗೆ ಮೇಜಿನ ಕೆಳಗೆ ಕೂತು ಬನ್ನು ಕದ್ದು ತಿಂದು ಮುಗಿಸ್ತಿದ್ದೆ."

"ನಾನಲ್ಲ, ಕ್ಲಿಯೋಫಸ್."

"ಅವನು ಆಗಿನ್ನೂ ಅಂಬೆಗಾಲಿಡ್ತಿದ್ದ. ಅವನ ಕೈಲಿ ಬನ್ನು ಹಿಡಿಸಿ ನೀನು ತಿಂತಿದ್ದೆ."

ದೊಡ್ಡಮ್ಮನ ತುಟಿ ಒಂದು ಕಡೆಗೆ ಸರಿಯಿತು. ಅವರು ಎದ್ದು ಮೆಕ್ಕೆಜೋಳದ ಹಿಟ್ಟಿನ ಡಬ್ಬ ಇಳಿಸಿದರು.

ಮತ್ತೆ ಮೊದಲಿನಿಂದ. ಬ್ರೆಡ್ಡು ಬೇಯಬೇಕು, ಆರಬೇಕು, ಅದನ್ನು ಅವಸರ ಮಾಡಿದರೆ ಅಂಟಂಟಾಗುತ್ತದೆ. ನಾನು ಮಕ್ಕಳಿಗೆ ಚೀಸ್ ಹಾಕಿದ ಮ್ಯಾಕರೋನಿಯನ್ನು ಮುಂಚೆಯೇ ಕೊಟ್ಟು ಗಲಾಟೆ ತಗ್ಗಿಸಿದೆ. ದೊಡ್ಡವರು ಬನ್ನಿಗೆ ಬೆಣ್ಣೆ ಹಚ್ಚಿಕೊಂಡು ಟಿವಿಯ ಮುಂದೆ ಕೂತರು. ಯಾರೂ ದೂರಲಿಲ್ಲ. ಹೋದ ವರ್ಷದ ಪೊಟ್ಟಣದ ಡ್ರೆಸಿಂಗ್ ಎಲ್ಲರಿಗೂ ನೆನಪಿತ್ತು.

ಈ ಸಲ ಅತ್ತೆ ಚಮಚ ಚಾಚಿದ್ದು ನನ್ನ ಕಡೆಗಲ್ಲ. ದೊಡ್ಡಮ್ಮ ಒಂದು ಕ್ಷಣ ಚಮಚವನ್ನೇ ನೋಡಿ ಬಾಯಿ ತೆರೆದರು. ಕಣ್ಣು ಮುಚ್ಚಿದರು.

"ಸೇಜ್ ಸಾಲ್ದು."

"ಒಂದು ಚಿಟಿಕೆ?"

"ಅರ್ಧ. ನಿಲ್ಲು, ನಿಲ್ಲು. ಇನ್ನೊಂದು ಸಲ ಕೊಡು. ಈರುಳ್ಳಿ ರುಚಿ ಮುಂದೆ ಬರ್ತಿದೆ."

"ಸಾರು ಬಿಡ್ಲಾ?"

"ಸ್ವಲ್ಪ. ಅಮ್ಮಂದು ಚಮಚದಿಂದ ಜಾರ್ತಾ ಇರ್ಲಿಲ್ಲ, ಮುದ್ದೆಯಾಗಿ ಬೀಳ್ತಾ ಇತ್ತು."

"ನಿನಗೆ ಇಷ್ಟೆಲ್ಲ ನೆನಪಿದ್ಯಾ?"

"ತಿಂದೋಳು ನಾನು. ಮಾಡೋಕೆ ಬರಲ್ಲ ಅಂದ್ರೆ ತಿನ್ನೋಕೂ ಬರಲ್ಲ ಅಂದ್ಕೊಂಡ್ಯಾ?"

ದೊಡ್ಡಮ್ಮ ಅವತ್ತು ಒಟ್ಟಿನಲ್ಲಿ ಅರ್ಧ ಬೋಗುಣಿಯನ್ನು ಹಸಿಯಾಗಿಯೇ ತಿಂದರೆಂದು ನನ್ನ ಅಂದಾಜು. ಮಕ್ಕಳನ್ನು ಗದರಿಸಲು ನಡುವೆ ಹೊರಗೆ ಹೋದವರು ಹೋದಷ್ಟೇ ಬೇಗ ವಾಪಸು ಬಂದು, "ನಾನಿಲ್ಲದೆ ಏನೂ ಹಾಕ್ಲಿಲ್ಲ ತಾನೇ?" ಎಂದು ಕೇಳಿದರು.

ಎರಡನೆಯ ತಟ್ಟೆ ಓವನ್ನಿನಿಂದ ಬರುವಷ್ಟರಲ್ಲಿ ಹೊರಗೆ ಬೀದಿಯ ಹಿಮ ನೀಲಿಗೆ ತಿರುಗುತ್ತಿತ್ತು. ಮೇಜು ತುಂಬಿತು. ಹ್ಯಾಮ್ ಆ ತುದಿಗೆ, ಟರ್ಕಿ ಕೋಳಿ ನಡುವೆ. ಎಲ್ಲರೂ ಕೂತರು. ಅತ್ತೆ ತಮ್ಮ ಹಳೆಯ ಜಾಗದಲ್ಲಿ ಕೂತು, ಮುಂದಿದ್ದ ತಟ್ಟೆಯನ್ನು ಸರಿಯಾಗಿ ನೇರಕ್ಕೆ ಇಟ್ಟುಕೊಂಡರು. ಇದ್ರೀಸ್ ಅವರ ಪಕ್ಕದಲ್ಲಿ, ಅವನದೂ ಖಾಲಿ ತಟ್ಟೆ. ಕರವಸ್ತ್ರದಲ್ಲಿ ಸುತ್ತಿದ್ದ ಖರ್ಜೂರ ಅತ್ತೆಯ ತೊಡೆಯ ಮೇಲಿತ್ತು.

ದೊಡ್ಡಮ್ಮ ನಿಂತೇ ಇದ್ದರು. "ನಿಂದು ಎಷ್ಟೊತ್ತಿಗೆ?"

"ಇನ್ನು ಅರ್ಧ ಗಂಟೆಗೂ ಕಮ್ಮಿ. ನೀವು ಶುರು ಮಾಡಿ ಅಕ್ಕ, ಆರಿಹೋಗತ್ತೆ. ನಾನು ಇಲ್ಲೇ ಇರ್ತೀನಿ."

ದೊಡ್ಡಮ್ಮ ತಮ್ಮನ ಕಡೆ ತಿರುಗಿದರು. "ಕ್ಲಿಯೋಫಸ್, ಪ್ರಾರ್ಥನೆ ಮಾಡು. ಉದ್ದ ಮಾಡು."

ಮೇಜಿನ ಸುತ್ತ ಎಲ್ಲರೂ ತಲೆ ಎತ್ತಿದರು. ಕ್ಲಿಯೋಫಸ್ ಮಾವ ಚರ್ಚಿನಲ್ಲಿ ಹಿರಿಯರು, ಅವರ ಪ್ರಾರ್ಥನೆ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲವೆಂದು ದೊಡ್ಡಮ್ಮ ಪ್ರತಿವರ್ಷ ನಡುವೆಯೇ ಜೋರಾಗಿ ಆಮೆನ್ ಹೇಳಿ ಬಾಯಿ ಮುಚ್ಚಿಸುತ್ತಿದ್ದರು.

"ಎಷ್ಟು ಉದ್ದ?"

"ನಿನಗೆ ಎಷ್ಟು ಬರತ್ತೋ ಅಷ್ಟು."

ಮಾವ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಬೆಳಕು ಕತ್ತಲೆ ಬೇರೆಬೇರೆಯಾದ ದಿನದಿಂದ ಶುರು ಮಾಡಿದರು. ಪ್ರಳಯದ ದೋಣಿಯಲ್ಲಿ ಉಳಿದ ಪ್ರಾಣಿಗಳಿಗೆ ಬಂದರು. ದಕ್ಷಿಣದಿಂದ ರೈಲು ಹತ್ತಿ ಬಂದ ತಂದೆಗೆ, ಉಕ್ಕಿನ ಕಾರ್ಖಾನೆಗೆ, ಪರ್ಲ್ ಅಜ್ಜಿಯ ಎರಡು ಕೈಗಳಿಗೆ, ಈ ಮನೆಯ ಹಳೆಯ ಹೀಟರಿಗೆ, ಮಂಜಿನಲ್ಲೂ ಬಸ್ಸು ಓಡಿಸುವ ಅಕ್ಕನಿಗೆ, ಮಲಗಿ ನಿದ್ದೆ ಮಾಡುತ್ತಿದ್ದ ನನ್ನ ಹಸನಾಳಿಗೆ ಸ್ತೋತ್ರ ಹೇಳಿದರು. ಮಕ್ಕಳು ಕುರ್ಚಿಯಲ್ಲಿ ಜಾರತೊಡಗಿದರು. ಅತ್ತೆ ಕೈಯನ್ನು ತೊಡೆಯ ಮೇಲೆ ತೆರೆದಿಟ್ಟು, ಪ್ರತಿ ಸ್ತೋತ್ರಕ್ಕೂ ಸಣ್ಣಗೆ ಅಲ್ಹಮ್ದುಲಿಲ್ಲಾ, ದೇವರಿಗೇ ಸ್ತುತಿ, ಎನ್ನುತ್ತಿದ್ದರು. ಕಡೆಗೆ ಮಾವ ಒಂದು ಕಣ್ಣು ತೆರೆದರು.

"ಒಡೆಸ್ಸಾ, ಎಲ್ಲಾ ಮುಗೀತು."

"ನಿನ್ನ ಮೊಣಕಾಲು ಆಪರೇಷನ್ ಆಯ್ತಲ್ಲ, ಅದಕ್ಕೆ ಹೇಳಿದ್ಯಾ?"

ಮಾವ ಕಣ್ಣು ಮುಚ್ಚಿ ಮೊಣಕಾಲಿಗೆ, ಡಾಕ್ಟರಿಗೆ, ಊರುಗೋಲಿಗೆ ಸ್ತೋತ್ರ ಹೇಳಿದರು. ಇದ್ರೀಸ್ ಗಡಿಯಾರ ನೋಡಿ, ಹೊತ್ತು ಮುಳುಗಿತೆಂದು ತಲೆ ಆಡಿಸಿದ. ಎಲ್ಲರೂ ಆಮೆನ್ ಎಂದರು. ಅತ್ತೆ ಬಿಸ್ಮಿಲ್ಲಾ ಹೇಳಿ ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ಮಗನ ಜೊತೆ ಪಕ್ಕದ ಕೋಣೆಗೆ ನಮಾಜಿಗೆ ಹೋದರು. ಅವರು ಬರುವವರೆಗೆ ಮೇಜಿನಲ್ಲಿ ಯಾರೂ ಚಮಚ ಎತ್ತಲಿಲ್ಲ. ಮಾವ ಒಮ್ಮೆ ಪ್ರಯತ್ನ ಪಟ್ಟರು, ದೊಡ್ಡಮ್ಮ ಅವರ ಕೈಗೆ ತಟ್ಟಿದರು.

ಅತ್ತೆ ಬಂದು ಕೂತು ಮೊದಲು ಹಾಕಿಸಿಕೊಂಡಿದ್ದು ಡ್ರೆಸಿಂಗ್. ದೊಡ್ಡಮ್ಮ ತಮ್ಮ ತಟ್ಟೆ ಮುಟ್ಟದೆ ತಂಗಿಯ ಬಾಯನ್ನೇ ನೋಡುತ್ತಿದ್ದರು.

"ಹೇಗಿದೆ?"

ಅತ್ತೆ ನಿಧಾನವಾಗಿ ಅಗಿದು ನುಂಗಿದರು. "ಸೇಜ್ ಅರ್ಧ ಚಿಟಿಕೆ ಜಾಸ್ತಿ."

"ಸುಮ್ನೆ ತಿನ್ನು."

ಅತ್ತೆ ಎರಡನೇ ಸಲ ಹಾಕಿಸಿಕೊಂಡರು. ಮಾವ ಮೂರನೇ ಸಲ. ಮಕ್ಕಳು ಆಗಲೇ ಸಿಹಿಗೆಣಸಿನ ಕಡುಬನ್ನು ಕೇಳುತ್ತಿದ್ದರು, ನಾನು ಒಂದು ಕೈಯಲ್ಲಿ ಹಸನಾಳನ್ನು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ತಿನ್ನುತ್ತಿದ್ದೆ. ಗದ್ದಲದ ನಡುವೆ ದೊಡ್ಡಮ್ಮ ಕೆಂಪು ದಾರ ಕಟ್ಟಿದ್ದ ಸೊಪ್ಪಿನ ಪಾತ್ರೆಯನ್ನು ಅತ್ತೆಯ ಕಡೆ ಸರಿಸುತ್ತ ಕೇಳಿದರು.

"ಮುಂದಿನ ವರ್ಷ ಈ ಹೊತ್ತಿಗೆ ನಿಮ್ಮ ಉಪವಾಸ ಮುಗಿದಿರತ್ತಾ?"

"ಮುಗಿದಿರತ್ತೆ. ಎರಡು ಗಂಟೆಗೇ ತಿಂತೀನಿ."

"ಆದ್ರೂ ಬೆಳಿಗ್ಗೆ ಬೇಗ ಬಾ. ರುಚಿ ನೋಡೋದು ನಾನೇ."